ಕಣ್ಣಿಗೆ ಕಸ ಬಿದ್ದರೆ ಮೊದಲು ಕೈ ಕೆಳಗಿಳಿಸಿ

ಕಳೆದ ಬೇಸಿಗೆಯ ಒಂದು ಬುಧವಾರ ಸಂಜೆ. ಮಾರತ್ತಹಳ್ಳಿ ಕಡೆಯಿಂದ ಔಟರ್ ರಿಂಗ್ ರೋಡಲ್ಲಿ ಸ್ಕೂಟರ್ ಓಡಿಸಿಕೊಂಡು ಮನೆಗೆ ಬರ್ತಾ ಇದ್ದೆ. ಸೆಕೆ ಅಂತ ಹೆಲ್ಮೆಟ್ಟಿನ ಗಾಜು ಮೇಲೆತ್ತಿದ್ದೆ. ಪಕ್ಕದಲ್ಲಿ ಒಂದು ಟಿಪ್ಪರ್ ದೂಳೆಬ್ಬಿಸಿಕೊಂಡು ಹೋಯಿತು. ಬಲಗಣ್ಣಿಗೆ ಏನೋ ಚುರ್ ಅಂತು. ಹೇಗೋ ಒಂದೇ ಕಣ್ಣಲ್ಲಿ ಗಾಡಿ ಪಕ್ಕಕ್ಕೆ ಹಾಕಿದೆ.

ಆಮೇಲೆ ನಾನು ಮಾಡಿದ್ದು, ನೀವೂ ಮಾಡ್ತೀರಲ್ಲ, ಅದನ್ನೇ. ಮೊದಲು ಕೈಯಿಂದ ಚೆನ್ನಾಗಿ ಉಜ್ಜಿದೆ. ಹೋಗಲಿಲ್ಲ. ಕರ್ಚೀಫಿನ ತುದಿಯನ್ನು ಬತ್ತಿ ತರಹ ಹೊಸೆದು, ಸ್ಕೂಟರಿನ ಕನ್ನಡಿ ನೋಡಿಕೊಂಡು ಕಣ್ಣೊಳಗೆ ಆಡಿಸಿದೆ. ಹೋದ ಹಾಗೆ ಅನ್ನಿಸಿತು, ಆದರೆ ಚುಚ್ಚೋದು ನಿಲ್ಲಲಿಲ್ಲ. ಮನೆಗೆ ಬಂದರೆ ಅಮ್ಮ ಸೆರಗನ್ನು ಉಂಡೆ ಮಾಡಿ, ಬಿಸಿ ಉಸಿರು ಊದಿ ಕಣ್ಣಿಗೆ ಒತ್ತಿದರು. ಹಾಯೆನಿಸಿತು. ಮಲಗಿದೆ.

ಬೆಳಿಗ್ಗೆ ಎದ್ದರೆ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಕಿಟಕಿಯ ಬೆಳಕು ಕೂಡ ಚುಚ್ಚುತ್ತಿತ್ತು. ಅವತ್ತು ಆಫೀಸಲ್ಲಿ ರಿಲೀಸ್ ಇತ್ತು, ರಜೆ ಕೇಳೋಕೆ ಸಂಕೋಚ. ಮಧ್ಯಾಹ್ನದ ತನಕ ಒಂದು ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡಿದೆ. ಕೊನೆಗೆ ಲ್ಯಾಪ್‌ಟಾಪಿನ ಅಕ್ಷರವೇ ಕಲಸಿಕೊಂಡಾಗ ಹೆದರಿಕೆ ಆಯ್ತು. ಕಣ್ಣಿನ ಆಸ್ಪತ್ರೆಗೆ ಓಡಿದೆ.

ರೆಪ್ಪೆಯ ಹಿಂದೆ ಅಡಗಿ ಕೂತಿತ್ತು

ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆ: "ಉಜ್ಜಿದ್ರಾ?"

"ಸ್ವಲ್ಪ ಮೇಡಂ."

ಅವರು ಒಂದು ಹನಿ ಡ್ರಾಪ್ಸ್ ಹಾಕಿದರು. ಅರ್ಧ ನಿಮಿಷದಲ್ಲಿ ನೋವು ಮಾಯ! ಗಲ್ಲವನ್ನು ಮೈಕ್ರೋಸ್ಕೋಪಿನ ತರಹದ ಯಂತ್ರದ ಮೇಲೆ ಇಡಿಸಿ, ಕೆಳಗೆ ನೋಡಿ ಅಂದರು. ಮೇಲಿನ ರೆಪ್ಪೆಯನ್ನು ಒಂದು ಹತ್ತಿಕಡ್ಡಿಯ ಮೇಲೆ ಮಡಚಿ ಒಳಮುಖ ಹೊರಗೆ ಮಾಡಿದರು. ಅಲ್ಲಿ ಕೂತಿತ್ತು ಒಂದು ಮರಳಿನ ಕಣ, ಸಾಸಿವೆ ಕಾಳಿನ ಕಾಲು ಭಾಗವೂ ಇಲ್ಲ. ಒದ್ದೆ ಹತ್ತಿಕಡ್ಡಿ ತಾಗಿಸಿದರು, ಬಂತು. ಎರಡು ಸೆಕೆಂಡಿನ ಕೆಲಸ.

ಆಮೇಲೆ ಕಿತ್ತಳೆ ಬಣ್ಣದ ಒಂದು ಕಾಗದದ ಪಟ್ಟಿಯನ್ನು ಕಣ್ಣಿಗೆ ತಾಗಿಸಿ ನೀಲಿ ಬೆಳಕು ಬಿಟ್ಟರು. ಫ್ಲೋರೆಸಿನ್ ಅನ್ನೋ ಬಣ್ಣ ಅದು. ಕಣ್ಣಿನ ಮೇಲ್ಪದರ ಎಲ್ಲಿ ಕಿತ್ತಿರುತ್ತೋ ಅಲ್ಲಿ ಮಾತ್ರ ಹಸಿರಾಗಿ ಹೊಳೆಯುತ್ತದೆ. ಪರದೆಯ ಮೇಲೆ ನನ್ನ ಕಣ್ಣನ್ನು ನನಗೇ ತೋರಿಸಿದರು. ಮೇಲಿಂದ ಕೆಳಕ್ಕೆ ಉದ್ದುದ್ದ ಗೆರೆಗಳು. ಅದರ ಪಕ್ಕ ಇನ್ನೊಂದು ಅಗಲವಾದ ತರಚು ಗಾಯ.

"ಈ ಗೆರೆಗಳು ಮರಳಿನ ಕಣದ್ದು. ನೀವು ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಅದು ಗೀರಿದೆ. ಆದರೆ ಈ ದೊಡ್ಡ ತರಚು ಕಸದಿಂದ ಆದದ್ದಲ್ಲ. ಏನು ಹಾಕಿ ತೆಗೀಲಿಕ್ಕೆ ನೋಡಿದ್ರಿ?"

ಜೇಬಲ್ಲಿದ್ದ ಕರ್ಚೀಫ್ ನೆನಪಾಯ್ತು. ಕಸಕ್ಕಿಂತ ದೊಡ್ಡ ಗಾಯವನ್ನು ನಾನೇ ಮಾಡಿಕೊಂಡಿದ್ದೆ.

ಹೊರಡುವಾಗ ಇನ್ನೊಂದು ಪೆದ್ದು ಪ್ರಶ್ನೆ ಕೇಳಿದೆ. "ಮೊದಲು ಹಾಕಿದ್ರಲ್ಲ ಮೇಡಂ, ನೋವು ಹೋಗೋ ಡ್ರಾಪ್ಸ್, ಅದನ್ನೇ ಬರೆದುಕೊಡಿ." ಅವರು ನಕ್ಕು, ಅದು ಪರೀಕ್ಷೆಗೆ ಮಾತ್ರ ಅಂದರು. ಮರಗಟ್ಟಿಸುವ ಆ ಹನಿಯನ್ನು ಮನೆಯಲ್ಲಿ ಪದೇ ಪದೇ ಹಾಕಿಕೊಂಡರೆ ಗಾಯ ಮಾಯೋದು ನಿಂತುಹೋಗುತ್ತದಂತೆ. ನೋವು ಗೊತ್ತಾಗದೆ ಕಣ್ಣೇ ಹಾಳಾಗಬಹುದು. ಸೋಂಕು ಆಗದಿರಲಿ ಅಂತ ಆಂಟಿಬಯಾಟಿಕ್ ಹನಿ ಕೊಟ್ಟರು. ಎರಡು ದಿನಕ್ಕೆ ಕಣ್ಣು ಸರಿಹೋಯಿತು.

ಅರ್ಧ ಮಿಲಿಮೀಟರಿನ ಗಾಜು

ಕಣ್ಣಿನ ಕರಿಗುಡ್ಡೆಯ ಮುಂದೆ ವಾಚಿನ ಗಾಜಿನ ಹಾಗೆ ಒಂದು ಪಾರದರ್ಶಕ ಪದರ ಇದೆ, ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೆ. ಅದರಲ್ಲಿ ರಕ್ತನಾಳ ಇಲ್ಲ, ಆದರೆ ನರದ ತುದಿಗಳು ದಟ್ಟವಾಗಿವೆ. ಅದಕ್ಕೇ ಕಣ್ಣಿಗೆ ಕಾಣದಷ್ಟು ದೂಳು ಬಿದ್ದರೂ ಕಲ್ಲು ಬಿದ್ದ ಹಾಗೆ ಅನ್ನಿಸೋದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂದಿದ್ದು ನೆನಪಿದೆಯಲ್ಲ? ಆಗ ಪದರ ಬಿಡಿಸಿ ಕಸಿ ಮಾಡಿದ್ದು ಈ ಕಾರ್ನಿಯಾವನ್ನೇ. ನಾವು ಮುಂಗೈಯಿಂದ ಗಸಗಸ ಉಜ್ಜೋದೂ ಇದನ್ನೇ.

ಸಮಾಧಾನದ ವಿಷಯವೂ ಇದೆ. ಇದರ ಮೇಲ್ಪದರ ಬಹಳ ಬೇಗ ಬೆಳೆಯುತ್ತದೆ. ಸಣ್ಣ ಗೀರಾದರೆ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಮಾಯುತ್ತದೆ. ಕಸ ಕಣ್ಣಿನ ಹಿಂದಕ್ಕೆ ಹೋಗಿ ಮೆದುಳಿಗೆ ಸೇರಿಬಿಡುತ್ತೆ ಅಂತ ಚಿಕ್ಕವರಿದ್ದಾಗ ಹೆದರಿಸುತ್ತಿದ್ದರು. ಹಾಗಾಗಲ್ಲ. ರೆಪ್ಪೆಯ ಒಳಗಿನ ಪೊರೆ ಹಿಂದೆ ಮಡಚಿಕೊಂಡು ಬಂದು ಬಿಳಿಗುಡ್ಡೆಗೇ ಅಂಟಿಕೊಂಡಿರುತ್ತದೆ, ಅಲ್ಲಿ ಹಾದಿ ಮುಚ್ಚಿದೆ. ಹಾಗಾಗಿ ಗಾಬರಿ ಬೇಡ, ಹಟವೂ ಬೇಡ.

ಮನೆಯಲ್ಲಿ ಏನು ಮಾಡಬಹುದು

ಇದು ಬರೀ ದೂಳು, ಮರಳು, ರೆಪ್ಪೆಗೂದಲು, ಸಣ್ಣ ಹುಳದಂಥ ಕಸಕ್ಕೆ ಮಾತ್ರ.

1. ಗಾಡಿ ಓಡಿಸುತ್ತಿದ್ದರೆ ನಿಲ್ಲಿಸಿ. ಕೈ ಕಣ್ಣಿನ ಹತ್ತಿರ ಒಯ್ಯಬೇಡಿ. ಸೋಪು ಹಾಕಿ ಕೈ ತೊಳೆಯುವ ತನಕ ಮುಟ್ಟೋದೇ ಬೇಡ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದರೆ, ಕೈ ತೊಳೆದು ಅದನ್ನು ತೆಗೆಯಿರಿ.

2. ಒಂದೆರಡು ನಿಮಿಷ ಪಟಪಟ ಅಂತ ಕಣ್ಣು ಮಿಟುಕಿಸಿ. ನೀರು ಸುರಿಯಲಿ, ಒರೆಸುವುದಾದರೆ ಕೆನ್ನೆ ಒರೆಸಿ. ಎಷ್ಟೋ ಸಲ ಕಸ ಕಣ್ಣೀರಲ್ಲೇ ಮೂಲೆಗೆ ಬಂದುಬಿಡುತ್ತದೆ.

3. ಮೇಲಿನ ರೆಪ್ಪೆಯ ಕೂದಲನ್ನು ಮೆಲ್ಲಗೆ ಹಿಡಿದು, ಕೆಳಗಿನ ರೆಪ್ಪೆಯ ಮೇಲಕ್ಕೆ ಎಳೆದು ಬಿಡಿ. ಕೆಳಗಿನ ರೆಪ್ಪೆಗೂದಲು ಪೊರಕೆ ತರಹ ಮೇಲಿನ ರೆಪ್ಪೆಯ ಒಳಗನ್ನು ಗುಡಿಸುತ್ತದೆ. ಮೊದಲೇ ಗೊತ್ತಿದ್ದಿದ್ದರೆ ನನ್ನ ಮರಳು ರಸ್ತೆಬದಿಯಲ್ಲೇ ಬಂದುಬಿಡುತ್ತಿತ್ತೋ ಏನೋ.

4. ನೀರು. ಕುಡಿಯುವ ಫಿಲ್ಟರ್ ನೀರು, ಕುದಿಸಿ ಆರಿಸಿದ ನೀರು ಅಥವಾ ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನ್ ಆಗಬಹುದು. ಕಸ ಬಿದ್ದ ಕಣ್ಣಿನ ಕಡೆಗೆ ತಲೆ ವಾಲಿಸಿ, ಕಣ್ಣು ತೆರೆದುಕೊಂಡು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಸಣ್ಣಗೆ ನೀರು ಹರಿಸಿ. ಆಗ ಕೊಳೆ ನೀರು ಇನ್ನೊಂದು ಕಣ್ಣಿಗೆ ಹೋಗುವುದಿಲ್ಲ. ನಲ್ಲಿ ಜೋರಾಗಿ ಬಿಟ್ಟು ಅದಕ್ಕೆ ಕಣ್ಣು ಕೊಡಬೇಡಿ. ಒಬ್ಬರೇ ಇದ್ದರೆ ಒಂದು ಚಿಕ್ಕ ಲೋಟದ ತುಂಬ ನೀರು ತುಂಬಿ, ಅಂಚನ್ನು ಕಣ್ಣಿನ ಕೆಳಗಿನ ಮೂಳೆಗೆ ಒತ್ತಿ, ಬಗ್ಗಿ ನೀರಲ್ಲೇ ಕಣ್ಣು ಮಿಟುಕಿಸಿ.

5. ಇನ್ನೂ ಇದ್ದರೆ ಬೆಳಕಲ್ಲಿ ಕೂತು ಕೆಳಗಿನ ರೆಪ್ಪೆ ಎಳೆದು ನೋಡಿಸಿ. ರೆಪ್ಪೆಯ ಒಳಮೈ ಮೇಲೆ ಕಸ ಸಡಿಲವಾಗಿ ಕಂಡರೆ, ಒದ್ದೆ ಮಾಡಿದ ಶುಭ್ರ ಬಟ್ಟೆಯ ತುದಿ ಒಂದೇ ಸಲ ತಾಗಿಸಬಹುದು. ಕರಿಗುಡ್ಡೆಯ ಮೇಲಿದ್ದರೆ ಏನನ್ನೂ ತಾಗಿಸಬೇಡಿ. ಬಟ್ಟೆ, ಹತ್ತಿ, ಬೆರಳು, ಚಿಮಟ ಯಾವುದೂ ಬೇಡ.

ಇಷ್ಟಕ್ಕೆ ಬರಲಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಕಸ ಹೋದ ಮೇಲೂ ಗೀರಿನಿಂದಾಗಿ ಸ್ವಲ್ಪ ಹೊತ್ತು ಏನೋ ಇದ್ದ ಹಾಗೇ ಅನ್ನಿಸಬಹುದು. ಇಲ್ಲದ ಕಸವನ್ನು ಹುಡುಕಿ ಹುಡುಕಿ ಕೆದಕಬೇಡಿ. ಮರುದಿನಕ್ಕೂ ಹಾಗೇ ಇದ್ದರೆ ತೋರಿಸಲೇಬೇಕು.

ಇವಕ್ಕೆ ಮನೆಮದ್ದು ಬೇಡವೇ ಬೇಡ

ಗ್ರೈಂಡಿಂಗ್, ವೆಲ್ಡಿಂಗ್, ಸುತ್ತಿಗೆ ಏಟು, ಗೋಡೆಗೆ ಡ್ರಿಲ್ ಹೊಡೆಯುವಾಗ ಸಿಡಿದ ಚೂರು. ವೇಗದಲ್ಲಿ ಬಂದ ಚೂರು ಕಣ್ಣಿನೊಳಕ್ಕೇ ಹೊಕ್ಕಿರಬಹುದು, ಹೊರಗೆ ಹೆಚ್ಚು ನೋವಿಲ್ಲದೆಯೂ ಇರಬಹುದು. ಕಬ್ಬಿಣದ ಚೂರಾದರೆ ಕಾರ್ನಿಯಾದ ಮೇಲೆ ತುಕ್ಕಿನ ಉಂಗುರ ಬಿಡುತ್ತದೆ. ಗಾಜಿನ ಚೂರಿಗೂ ಇದೇ ಮಾತು.

ಚುಚ್ಚಿಕೊಂಡು ನಿಂತಿರುವ ಯಾವುದನ್ನೂ ಕೀಳಬೇಡಿ, ತೊಳೆಯಲೂ ಬೇಡಿ. ಕಣ್ಣಿಗೆ ತಾಗದ ಹಾಗೆ ಒಂದು ಪೇಪರ್ ಕಪ್ ಮುಚ್ಚಿ ಟೇಪ್ ಹಾಕಿ, ನೇರ ಆಸ್ಪತ್ರೆಗೆ. ದೃಷ್ಟಿ ಮಂಜಾದರೆ, ರಕ್ತ ಬಂದರೆ, ಬೆಳಕು ನೋಡಲಾಗದಿದ್ದರೆ, ಲೆನ್ಸ್ ಹಾಕುವವರ ಕಣ್ಣು ಕೆಂಪಾದರೆ ಅವತ್ತೇ ತೋರಿಸಿ. ನನ್ನ ಹಾಗೆ ರಿಲೀಸ್ ಮುಗೀಲಿ ಅಂತ ಕಾಯಬೇಡಿ.

ಸುಣ್ಣದ ವಿಷಯ ಬೇರೆ. ಎಲೆ ಅಡಿಕೆ ಜೊತೆ ಬರುವ ಸುಣ್ಣದ ಪ್ಯಾಕೆಟ್ಟನ್ನು ಮಕ್ಕಳು ಹಿಸುಕಿ ಆಡುತ್ತಾರೆ, ಅದು ಒಡೆದು ಕಣ್ಣಿಗೇ ಚಿಮ್ಮುತ್ತದೆ. ಸುಣ್ಣ ಕಣ್ಣನ್ನು ಸುಡುತ್ತಾ ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಆಗ ಫಿಲ್ಟರ್ ನೀರು ಎಲ್ಲಿ ಅಂತ ಹುಡುಕಬೇಡಿ. ಹತ್ತಿರ ಸಿಕ್ಕಿದ ಶುಭ್ರ ನೀರಲ್ಲಿ ಆ ಕ್ಷಣವೇ ತೊಳೆಯಲು ಶುರುಮಾಡಿ, ಕನಿಷ್ಠ 20 ನಿಮಿಷ ತೊಳೆದು, ಆಮೇಲೆ ಆಸ್ಪತ್ರೆಗೆ ಓಡಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಿದ್ದರೂ ಹೀಗೇ.

ದೊಡ್ಡಪ್ಪನ ಎಡಗಣ್ಣು

ಇಷ್ಟೆಲ್ಲ ಬರೆಯೋಕೆ ನಿಜವಾದ ಕಾರಣ ನನ್ನ ಕಣ್ಣಲ್ಲ, ಮಂಡ್ಯದ ಹತ್ತಿರ ಊರಲ್ಲಿರುವ ದೊಡ್ಡಪ್ಪನ ಕಣ್ಣು.

ನಾನು ಪಿಯುಸಿ ಓದುವಾಗ ಒಕ್ಕಣೆಯಲ್ಲಿ ಅವರ ಎಡಗಣ್ಣಿಗೆ ಭತ್ತದ ಸುಂಕು ಬಿತ್ತು. ಊರಲ್ಲಿ ನಾಲಿಗೆಯಿಂದ ಕಸ ತೆಗೆಯುವವರೊಬ್ಬರು ಇದ್ದರು, ಅವರು ತೆಗೆದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಮೂರನೇ ದಿನ ಕಣ್ಣು ಕೆಂಪಾಯಿತು. ಯಾರಿಗೋ ಮದ್ರಾಸ್ ಐ ಬಂದಾಗ ತಂದಿದ್ದ ಹನಿ ಮನೆಯಲ್ಲಿತ್ತು. ಹಾಕಿಕೊಂಡರು. ಕೆಂಪು ಇಳಿಯಿತು, ದೊಡ್ಡಪ್ಪ ಗದ್ದೆಗೆ ಹೋದರು. ವಾರ ಕಳೆಯುವಷ್ಟರಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಮೈಸೂರಿನ ಆಸ್ಪತ್ರೆಗೆ ಹೋದಾಗ ಫಂಗಸ್ ಸೋಂಕು ಅಂದರು, ತಡವಾಗಿತ್ತು. ತಿಂಗಳುಗಟ್ಟಲೆ ಔಷಧಿ ಹಾಕಿ ಕಣ್ಣುಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ. ಊರವರು "ಕಣ್ಣಿಗೆ ಹೂವು ಬಿತ್ತು" ಅಂದರು, ಹಣೆಬರಹ ಅಂದರು.

ನನ್ನ ಕಣ್ಣು ತೋರಿಸಿದ ದಿನ ಮೇಡಂ ಹತ್ತಿರ ಇದನ್ನು ಕೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಭತ್ತ, ಕಬ್ಬಿನ ಗರಿಯಂಥ ಪೈರಿನ ಕಸ ಗೀರಿದ ಜಾಗದಲ್ಲಿ ಫಂಗಸ್ ಹಿಡಿಯೋದು ನಮ್ಮ ಕಡೆ ಹೊಸದಲ್ಲ. ನಾಲಿಗೆ, ಎದೆಹಾಲು, ಹರಳೆಣ್ಣೆ ಇವೆಲ್ಲ ಗಾಯದೊಳಗೆ ಇನ್ನಷ್ಟು ಕ್ರಿಮಿ ಬಿಡುವ ದಾರಿಗಳು. ಹಳೇ ಹನಿಯಲ್ಲಿ ಸ್ಟೀರಾಯ್ಡ್ ಇದ್ದರಂತೂ ಕೆಂಪು ಮಾತ್ರ ಇಳಿಯುತ್ತದೆ, ಒಳಗೆ ಫಂಗಸ್ ಆರಾಮಾಗಿ ಬೆಳೆಯುತ್ತದೆ. ಹೊಲದಲ್ಲಿ ಕಣ್ಣಿಗೆ ಏನಾದರೂ ತಾಗಿದರೆ, ನೋವು ಕಮ್ಮಿ ಇದ್ದರೂ ಕಣ್ಣಿನ ಡಾಕ್ಟರಿಗೆ ತೋರಿಸಬೇಕು ಅಂದರು.

ಅಂದರೆ ಅದು ಹಣೆಬರಹ ಆಗಿರಲಿಲ್ಲ. ಇದು ಗೊತ್ತಾದ ಮೇಲೆ ನನಗೆ ಎರಡು ದಿನ ಕೆಲಸದಲ್ಲಿ ಮನಸ್ಸೇ ಇರಲಿಲ್ಲ. ನಾಲಿಗೆಯಿಂದ ತೆಗೆದವರು ಒಳ್ಳೆಯವರು, ಹನಿ ಕೊಟ್ಟ ನಮ್ಮ ದೊಡ್ಡಮ್ಮ ಕೂಡ. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು.

ಈ ಸಲ ಒಕ್ಕಣೆಗೆ ಮುಂಚೆ ಊರಿಗೆ ಹೋಗಿದ್ದೆ. ಪಕ್ಕಗಳೂ ಮುಚ್ಚಿರುವ ಬಿಳಿ ಪ್ಲಾಸ್ಟಿಕ್ ಕನ್ನಡಕ ಸಿಗುತ್ತದಲ್ಲ, ಫ್ಯಾಕ್ಟರಿಯಲ್ಲಿ ಹಾಕಿಕೊಳ್ಳುತ್ತಾರೆ, ಅಂಥವು ಆರು ತಗೊಂಡು ಹೋಗಿದ್ದೆ. ಊಬರ್‌ಗೆ ಕೊಡುವ ದುಡ್ಡಿನಲ್ಲಿ ಬಂದುಬಿಡುತ್ತವೆ. ಆಳುಗಳು ಹಾಕಿಕೊಂಡು ಒಬ್ಬರನ್ನೊಬ್ಬರು ನೋಡಿ ನಕ್ಕರು. ದೊಡ್ಡಪ್ಪ ನಗಲಿಲ್ಲ. ಒಂದನ್ನು ತಗೊಂಡು ಪಂಚೆಯ ತುದಿಯಲ್ಲಿ ಒರೆಸಿ ಹಾಕಿಕೊಂಡರು.

"ಇನ್ನೊಂದಾದ್ರೂ ಉಳೀಲಿ ಮಗ" ಅಂದರು.

ನಾನೂ ಈಗ ಎಷ್ಟೇ ಸೆಕೆ ಇರಲಿ ಹೆಲ್ಮೆಟ್ಟಿನ ಗಾಜು ಎತ್ತಲ್ಲ.