ಕೂದಲಿನ ಇಸ್ತ್ರಿಯೂ ಮುಂಬಯಿಯ ನೀರೂ

ಊರು ಬಿಟ್ಟು ಬಂದು ಬೈಕುಲ್ಲಾದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಹೆಣ್ಣುಮಕ್ಕಳ ಕೂದಲು ತೆಳುವಾದರೆ ಮೊದಲು ಅಪವಾದ ಹೊರುವುದು ಮುಂಬಯಿಯ ನೀರು. ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳಿಂದ ನಲ್ಲಿಗೆ ಬರುವ ನೀರಿಗೆ ಈ ದೂರು ಬಹುಮಟ್ಟಿಗೆ ಸಲ್ಲದು. ಎಷ್ಟೋ ಮನೆಗಳಲ್ಲಿ ನಿಜವಾದ ಕಾರಣ ಕನ್ನಡಿಯ ಮುಂದೆಯೇ ಇರುತ್ತದೆ: ಕೂದಲನ್ನು ನೇರಗೊಳಿಸುವ ವಿದ್ಯುತ್ ಇಸ್ತ್ರಿ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ವಸ್ತು. ಹೊರಗೆ ಹೆಂಚು ಹೊದಿಸಿದಂತೆ ತೆಳುವಾದ ಹುರುಪೆಗಳು, ಒಳಗೆ ನಾರಿನಂತಹ ತಿರುಳು. ಅದರ ಆಕಾರವನ್ನು ಹಿಡಿದಿಡುವ ಜಲಜನಕದ ಬಂಧಗಳು ಶಾಖದಿಂದ ಸಡಿಲಗೊಂಡು, ಆರಿದಾಗ ಹೊಸ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ತೇವಕ್ಕೂ ಅವು ಸಡಿಲಗೊಳ್ಳುತ್ತವೆ. ಆದುದರಿಂದಲೇ ಮಳೆಗಾಲದಲ್ಲಿ, ಮನೆಯಲ್ಲಿ ನೇರಗೊಳಿಸಿದ ಕೂದಲು ಬೈಕುಲ್ಲಾ ಸ್ಟೇಷನ್ನಿನ ಸೇತುವೆ ಹತ್ತುವಷ್ಟರಲ್ಲಿ ಮತ್ತೆ ಸುರುಳಿಗೊಳ್ಳತೊಡಗುತ್ತದೆ. ಮರುದಿನ ಪುನಃ ಇಸ್ತ್ರಿ. ಹಾನಿಯ ಬಹುಪಾಲು ಈ ನಿತ್ಯದ ಪುನರಾವೃತ್ತಿಯಿಂದ ಬರುವುದು.

ಒದ್ದೆ ಕೂದಲಿಗೆ ಇಸ್ತ್ರಿ ಇಡುವುದಂತೂ ಅತ್ಯಂತ ಅಪಾಯಕರ. ಕೂದಲಿನೊಳಗಿನ ನೀರು ಕುದಿದು ಆವಿಯಾಗಿ, ತಿರುಳಿನಲ್ಲಿ ಗುಳ್ಳೆಗಳೇಳುತ್ತವೆ. ಕೂದಲು ಅಲ್ಲಿಯೇ ಮುರಿಯುತ್ತದೆ. ‘ಚುಂಯ್’ ಎಂಬ ಸದ್ದು ಕೇಳಿದರೆ ಕೈ ತಡೆಯಬೇಕು. ಅನೇಕ ಇಸ್ತ್ರಿಗಳು 230 ಡಿಗ್ರಿ ಸೆಂಟಿಗ್ರೇಡಿನವರೆಗೂ ಕಾಯುತ್ತವೆ. ಅಷ್ಟು ಶಾಖಕ್ಕೆ ಒಣಕೂದಲಿನ ಕೆರಾಟಿನ್ ಕೂಡ ಕೆಡುತ್ತದೆ.

ಗುರುತಿಸಲು ಬಾಚಣಿಗೆಯೇ ಸಾಕು. ಉದ್ದನೆಯ ಕೂದಲು ಬುಡದಲ್ಲಿ ಪುಟ್ಟ ಬಿಳಿ ಗಡ್ಡೆಯೊಡನೆ ಬಂದರೆ ಅದು ಬೇರಿನಿಂದ ಉದುರಿದ್ದು. ದಿನಕ್ಕೆ ನೂರರವರೆಗೆ ಹಾಗೆ ಉದುರುವುದು ಸಹಜ. ಗಡ್ಡೆಯಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಾಗಿದ್ದರೆ ಅದು ಮುರಿತ. ಕೂದಲಿನುದ್ದಕ್ಕೂ ಬಿಳಿಯ ಚುಕ್ಕೆಗಳು, ಸೀಳಿದ ತುದಿ, ಒದ್ದೆಯಾದಾಗ ಎಳೆದರೆ ಹಿಂದಿರುಗದೆ ತುಂಡಾಗುವಿಕೆ, ಇವೂ ಲಕ್ಷಣಗಳೇ. ಬೇರಿನಿಂದಲೇ ವಿಪರೀತ ಉದುರುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್ ಮೊದಲಾದವುಗಳ ಶಂಕೆಯಿಂದ ವೈದ್ಯರನ್ನು ಕಾಣಬೇಕು, ಜೆ.ಜೆ. ಆಸ್ಪತ್ರೆ ಬೈಕುಲ್ಲಾದವರಿಗೆ ದೂರವೇನಲ್ಲ.

ಕೂದಲು ನಿರ್ಜೀವ, ಗಾಯದಂತೆ ಮಾಯುವುದಿಲ್ಲ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವ ಲೆಕ್ಕದಲ್ಲಿ, ಸೊಂಟ ಮುಟ್ಟುವ ಜಡೆಯ ತುದಿಗೆ ಐದಾರು ವರ್ಷದ ವಯಸ್ಸು. ಆ ಮೂಲಧನ ಕರಗಿದರೆ ಯಾವ ಲೇಪವೂ ಅದನ್ನು ತುಂಬಿಕೊಡದು. ಒರಟುತನವನ್ನು ಮರೆಸೀತು, ಅಷ್ಟೆ. ಕೆಟ್ಟ ತುದಿಯನ್ನು ಕತ್ತರಿಸುವುದೇ ಉಪಾಯ.

ಇಸ್ತ್ರಿ ಬೇಕೇ ಬೇಕೆನ್ನುವವರು ಕೂದಲನ್ನು ಪೂರ್ಣ ಒಣಗಿಸಿ, ಶಾಖವನ್ನು 180 ಡಿಗ್ರಿಗಿಂತ ಕೆಳಗಿರಿಸಿ, ಒಂದೆಡೆ ಒಂದೇ ಸಲ ಎಳೆಯಬೇಕು. ಮದುವೆ, ಸಮಾರಂಭಗಳಿಗೆ ಮಾತ್ರ ಮೀಸಲಿಟ್ಟರೆ ಇನ್ನೂ ಲೇಸು. ಮಳೆಗಾಲಕ್ಕೆ ಜಡೆಗಿಂತ ಯುಕ್ತವಾದುದಿಲ್ಲ. ಪಾರ್ಲರಿನ ‘ಕೆರಾಟಿನ್ ಚಿಕಿತ್ಸೆ’ಯಲ್ಲಿ ಕಣ್ಣು ಉರಿದರೆ ಕೂಡಲೇ ಎದ್ದು ಬರಬೇಕು, ಅಂತಹ ಕೆಲವು ದ್ರಾವಣಗಳು ಕಾದಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಡುತ್ತದೆ.

ಸ್ನಾನಕ್ಕೆ ಮುನ್ನ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ಹಿರಿಯರ ರೂಢಿಗೆ ಆಧಾರವುಂಟು. ಮುಂಬಯಿಯ ಮ್ಯಾರಿಕೋ ಸಂಸ್ಥೆಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖನಿಜ ತೈಲ ಮತ್ತು ಸೂರ್ಯಕಾಂತಿ ಎಣ್ಣೆಗಳಿಂದಾಗದ ಪ್ರೋಟೀನ್ ರಕ್ಷಣೆ ಕೊಬ್ಬರಿ ಎಣ್ಣೆಯಿಂದಾಯಿತು. ಅಧ್ಯಯನ ಮಾಡಿದವರು ಆ ಎಣ್ಣೆಯನ್ನು ಮಾರುವವರೂ ಹೌದೆಂಬುದು ನೆನಪಿರಲಿ. ಎಣ್ಣೆ ಹಚ್ಚಿದ ಕೂದಲಿನ ಮೇಲೆ ಮಾತ್ರ ಇಸ್ತ್ರಿ ಆಡಿಸಬಾರದು.