ವಾರಸುದಾರರಿಲ್ಲದ ಹಣ: 2030ಕ್ಕೆ ಮೊದಲು ಹಾಲಾಡಿ ಮುಗಿಸಬೇಕಾದ ಲೆಕ್ಕ

ಬ್ಯಾಂಕಿನಲ್ಲಿಟ್ಟ ಹಣವನ್ನು ಹತ್ತು ವರ್ಷ ಯಾರೂ ಕೇಳದಿದ್ದರೆ ಅದು ರಿಸರ್ವ್ ಬ್ಯಾಂಕಿನ ‘ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ’ಗೆ ಹೋಗುತ್ತದೆ. 2021ರ ಮಾರ್ಚ್ ಅಂತ್ಯಕ್ಕೆ ಈ ನಿಧಿಯಲ್ಲಿದ್ದದ್ದು 39,264 ಕೋಟಿ ರೂಪಾಯಿ. ಮರುವರ್ಷ ಅದು 48,262 ಕೋಟಿಯಾಯಿತು, 2023ರಲ್ಲಿ 62,225 ಕೋಟಿ, 2024ರಲ್ಲಿ 78,213 ಕೋಟಿ. ಮೂರೇ ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು.

ಇಷ್ಟು ದೊಡ್ಡ ಮೊತ್ತ ಕೇಳಿದಾಗ ಯಾರೋ ಕುಬೇರರು ಮರೆತ ಗಂಟಿರಬೇಕು ಅನ್ನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. 2023ರ ಫೆಬ್ರವರಿ ಹೊತ್ತಿಗೆ ಸರ್ಕಾರಿ ಬ್ಯಾಂಕುಗಳು ಈ ನಿಧಿಗೆ ಕಳಿಸಿದ್ದ 35,012 ಕೋಟಿ ರೂಪಾಯಿ 10.24 ಕೋಟಿ ಖಾತೆಗಳಿಗೆ ಸೇರಿದ್ದು. ಭಾಗಿಸಿದರೆ ಒಂದು ಖಾತೆಗೆ ಬರುವುದು ಸುಮಾರು 3,400 ರೂಪಾಯಿ. ಇದು ಕೂಲಿಯವರ, ಹೋಟೆಲ್ ಮಾಣಿಗಳ, ಬೀಡಿ ಕಟ್ಟಿದವರ, ಹಾಲು ಮಾರಿದವರ ಹಣ. ಮೂರು ಸಾವಿರ ಉಳಿಸಲು ಅವರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ದುಡಿದಿದ್ದಾರೆ. ಆಗ ಅತಿ ಹೆಚ್ಚು ಹಣ ಕಳಿಸಿದ್ದ ಮೂರು ಬ್ಯಾಂಕುಗಳಲ್ಲಿ ಸ್ಟೇಟ್ ಬ್ಯಾಂಕ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕಿನ ನಂತರದ್ದು ಕೆನರಾ ಬ್ಯಾಂಕ್, 4,558 ಕೋಟಿ. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕ್ ಈ ಪಟ್ಟಿಯ ತಲೆಯಲ್ಲೇ ಇದೆ ಎಂಬುದನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು.

ಏಕೆಂದರೆ ಉಳಿತಾಯದ ಅಭ್ಯಾಸ ನಮ್ಮಲ್ಲಿ ತೀರಾ ಹಳೆಯದು. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ, ಎಲ್ಲವೂ ಮಂಗಳೂರು–ಉಡುಪಿಯ ನಡುವೆ ಹುಟ್ಟಿದವು. ಸಿಂಡಿಕೇಟಿನ ಮೊದಲ ಶಾಖೆ 1928ರಲ್ಲಿ ಬ್ರಹ್ಮಾವರದಲ್ಲಿ ತೆರೆಯಿತು. ದಿನಕ್ಕೆ ಎರಡಾಣೆಯಿಂದ ಆರಂಭಿಸಬಹುದಾದ ಪಿಗ್ಮಿ ಠೇವಣಿ ಬಂದದ್ದೂ ಅದೇ ವರ್ಷ. ಬ್ಯಾಂಕಿನವನೇ ಅಂಗಡಿ ಬಾಗಿಲಿಗೆ ಬಂದು ಹಣ ಕೊಂಡೊಯ್ಯುವ ಪದ್ಧತಿಯಿಂದ ಬ್ಯಾಂಕಿನ ಮೆಟ್ಟಿಲು ಹತ್ತದವರ ಹೆಸರಲ್ಲೂ ಖಾತೆಗಳಾದವು. ಹೀಗೆ ನಾಲ್ಕು ತಲೆಮಾರು ಸಣ್ಣ ಸಣ್ಣ ಮೊತ್ತವನ್ನು ಹಲವು ಕಡೆ ಇಟ್ಟಿದೆ.

ಹಾಲಾಡಿಯಂಥ ಊರಿನಲ್ಲಿ ಈ ಹಂಚಿಕೆ ಇನ್ನೂ ವಿಸ್ತಾರ. ವಾರಾಹಿ ನದಿಗೆ ಹಾಲಾಡಿ ಹೊಳೆ ಎಂಬ ಹೆಸರು ಕೊಟ್ಟ ಈ ಊರಿನ ಸುತ್ತಮುತ್ತ, ಬೊಂಬಾಯಿಗೋ ಬೆಂಗಳೂರಿಗೋ ದುಡಿಯಲು ಹೋದವರಿಲ್ಲದ ಮನೆ ಅಪರೂಪ. ಹೋಟೆಲು, ಬೇಕರಿ, ಆಮೇಲೆ ಗಲ್ಫ್. ದುಡಿದ ಊರಿನಲ್ಲಿ ಒಂದು ಖಾತೆ, ಕುಂದಾಪುರದಲ್ಲಿ ಒಂದು, ಊರ ಸೊಸೈಟಿಯಲ್ಲಿ ಒಂದು, ಅಂಚೆ ಕಚೇರಿಯಲ್ಲಿ ಆರ್.ಡಿ., ಗೆಳೆಯರ ಒತ್ತಾಯಕ್ಕೆ ಮಾಡಿಸಿದ ಒಂದು ಎಲ್.ಐ.ಸಿ. ಪಾಲಿಸಿ. ಇವೆಲ್ಲದರ ಪೂರ್ಣ ಪಟ್ಟಿ ಇರುವುದು ಒಬ್ಬರ ತಲೆಯಲ್ಲಿ ಮಾತ್ರ.

ನಾನು ಎಚ್ಚರಿಸಬೇಕೆಂದಿರುವ ಹಾನಿ ಇಲ್ಲಿದೆ. ಬ್ಯಾಂಕಿನಲ್ಲಿಟ್ಟ ಹಣ ಕಳೆದುಹೋಗುವುದಿಲ್ಲ. ನಿಧಿಗೆ ಹೋದ ಖಾತೆಗಳ ದಾಖಲೆಗಳನ್ನು ಬ್ಯಾಂಕುಗಳು ಶಾಶ್ವತವಾಗಿ ಕಾಯಬೇಕು ಎಂದು 2014ರ ಯೋಜನೆಯೇ ಹೇಳುತ್ತದೆ. ಬ್ಯಾಂಕ್ ಠೇವಣಿಗೆ ಹಕ್ಕು ಕೇಳಲು ಕಾಲಮಿತಿಯೂ ಇಲ್ಲ. ಕಳೆದುಹೋಗುತ್ತಿರುವುದು ಆ ದಾಖಲೆಗೂ ಮನೆಗೂ ನಡುವಿನ ಕೊಂಡಿ: ಯಾವ ಬ್ಯಾಂಕು, ಯಾವ ಶಾಖೆ, ಯಾವ ಹೆಸರಿನಲ್ಲಿ ಎಂಬ ನೆನಪು. ಅದನ್ನು ಕಾಯುವ ಹೊಣೆ ಯಾವ ಕಾನೂನಿಗೂ ಇಲ್ಲ.

ಈ ಕೊಂಡಿ ನಮ್ಮಲ್ಲಿ ನಾಲ್ಕು ಕಡೆ ತುಂಡಾಗಿದೆ. ಮೊದಲನೆಯದು ಬ್ಯಾಂಕಿನ ಹೆಸರು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಹಳೆಯ ಪಾಸ್‌ಬುಕ್ ಸಿಕ್ಕರೂ ಅದರ ಮೇಲಿರುವ ಬ್ಯಾಂಕು ಇಂದು ಇಲ್ಲ. ಎರಡನೆಯದು ವಿಳಾಸ. ಉಡುಪಿ ಜಿಲ್ಲೆ ಆದದ್ದು 1997ರ ಆಗಸ್ಟ್‌ನಲ್ಲಿ. ಅದಕ್ಕೆ ಮೊದಲಿನ ಖಾತೆಗಳಲ್ಲಿ ಹಾಲಾಡಿ ಇರುವುದು ದಕ್ಷಿಣ ಕನ್ನಡದಲ್ಲಿ. ಬೈಂದೂರು, ಬ್ರಹ್ಮಾವರದ ಹಳ್ಳಿಗಳೋ ಹಳೆಯ ಖಾತೆಗಳಲ್ಲಿ ಇನ್ನೂ ಹಿಂದಿನ ತಾಲೂಕುಗಳ ಹೆಸರಿನಲ್ಲೇ ಇವೆ. ಮೂರನೆಯದು ಹೆಸರಿನ ಬರಹ. ಇಂಗ್ಲಿಷಿನಲ್ಲಿ ಶೆಟ್ಟಿ, ಪೂಜಾರಿ, ಹಾಲಾಡಿ ಇವುಗಳ ಕೊನೆಗೆ ‘ಐ’ ಹಾಕುವವರೂ ಇದ್ದಾರೆ, ‘ವೈ’ ಹಾಕುವವರೂ ಇದ್ದಾರೆ. ಹುಡುಕುವ ಯಂತ್ರಕ್ಕೆ ಅವರು ಬೇರೆ ಬೇರೆ ಮನುಷ್ಯರು. ನಾಲ್ಕನೆಯದು ನಾಮನಿರ್ದೇಶನ. ಬ್ಯಾಂಕ್ ಠೇವಣಿಗೆ ನಾಮಿನಿ ಹೆಸರಿಸುವ ನಿಯಮ ಬಂದದ್ದೇ 1985ರಲ್ಲಿ. ಅದಕ್ಕೂ ಹಿಂದೆ ತೆರೆದು ಹಾಗೇ ಬಿಟ್ಟ ಖಾತೆಗೆ ನಾಮಿನಿ ಇರುವ ಪ್ರಶ್ನೆಯೇ ಇಲ್ಲ.

ಈಗ ಮುಂದಿನದನ್ನು ನೋಡೋಣ. ಗ್ರಾಹಕರ ವ್ಯವಹಾರ ಎರಡು ವರ್ಷ ನಿಂತರೆ ಖಾತೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷ ದಾಟಿದರೆ ನಿಧಿಗೆ ಹೋಗುತ್ತದೆ. ಕೋವಿಡ್ಡಿನ ಎರಡು ಅಲೆಗಳು ಬಂದದ್ದು 2020 ಮತ್ತು 2021ರಲ್ಲಿ. ಆಗ ತೀರಿಕೊಂಡವರಲ್ಲಿ ಅನೇಕರಿಗೆ ಮನೆಯವರಿಗೆ ಒಂದು ಮಾತು ಹೇಳುವಷ್ಟೂ ಸಮಯ ಸಿಗಲಿಲ್ಲ. ಪರವೂರಿನ ಆಸ್ಪತ್ರೆಗಳಲ್ಲಿ ಸತ್ತವರ ಕೋಣೆ, ಪೆಟ್ಟಿಗೆ, ಕಾಗದಪತ್ರ ಎಷ್ಟೋ ಸಲ ಊರಿಗೆ ಬರಲೇ ಇಲ್ಲ. ಅವರ ಕೊನೆಯ ವ್ಯವಹಾರಕ್ಕೆ ಹತ್ತು ವರ್ಷ ಕೂಡಿಸಿದರೆ 2030, 2031 ಬರುತ್ತದೆ. ಬ್ಯಾಂಕುಗಳ ಹೆಸರು ಬದಲಾದದ್ದೂ ಅದೇ ಹೊತ್ತಿನಲ್ಲಿ. ಸಾವು ಮತ್ತು ವಿಲೀನ ಒಂದೇ ಕಾಲಕ್ಕೆ ಬಿದ್ದ ಖಾತೆಗಳ ಒಂದು ದೊಡ್ಡ ತಂಡ ಆ ಎರಡು ವರ್ಷಗಳಲ್ಲಿ ನಿಧಿಯ ಬಾಗಿಲಿಗೆ ಬರಲಿದೆ. ಮೊತ್ತ ಎಷ್ಟೆಂದು ಮುಂಚಿತವಾಗಿ ಹೇಳಲಾಗದು. ದಿಕ್ಕು ಮಾತ್ರ ನಿಯಮದಲ್ಲೇ ಬರೆದಿದೆ.

ನಿಧಿಗೆ ಹೋದರೂ ಹಕ್ಕು ಉಳಿಯುತ್ತದಲ್ಲ, ನಷ್ಟವೇನು ಎಂದು ಕೇಳಬಹುದು. ಬಡ್ಡಿ ಬರುವ ಖಾತೆಯ ಹಣಕ್ಕೆ ನಿಧಿ ಕೊಡುವುದು 2021ರ ಮೇ 11ರಿಂದ ವರ್ಷಕ್ಕೆ ಶೇ 3ರ ಸರಳ ಬಡ್ಡಿ. ಮೊದಲು ಶೇ 4 ಇತ್ತು, 2018ರ ಜುಲೈಯಿಂದ 3.5 ಆಯಿತು. ಒಂದು ಲಕ್ಷ ರೂಪಾಯಿ ಇದೇ ದರದಲ್ಲಿ ಹದಿನೈದು ವರ್ಷ ಅಲ್ಲಿದ್ದರೆ 1.45 ಲಕ್ಷವಾಗುತ್ತದೆ. ಬೆಲೆ ವರ್ಷಕ್ಕೆ ಶೇ 5ರಂತೆ ಏರಿದರೆ ಇಂದು ಒಂದು ಲಕ್ಷಕ್ಕೆ ಸಿಗುವ ಸಾಮಾನಿಗೆ ಆಗ 2.08 ಲಕ್ಷ ಬೇಕು. ಅಂದರೆ ಆ ಹಣದ ಕೊಳ್ಳುವ ಶಕ್ತಿ ಇಂದಿನ 70,000 ರೂಪಾಯಿಗೆ ಇಳಿದಿರುತ್ತದೆ. ಕಾಗದದ ಮೇಲೆ ಹಣ ಬೆಳೆದರೂ ಅದರ ಮೂಲ ಬೆಲೆಯಲ್ಲಿ ಮೂರನೇ ಒಂದು ಪಾಲಿಗೆ ಹತ್ತಿರದಷ್ಟು ಕರಗಿಹೋಗಿರುತ್ತದೆ.

ಜೀವವಿಮೆಯ ಹಣಕ್ಕೆ ನಿಯಮ ಇನ್ನೂ ಕಠಿಣ. ಹತ್ತು ವರ್ಷ ಕೇಳದ ವಿಮೆಯ ಹಣ ‘ಹಿರಿಯ ನಾಗರಿಕರ ಕಲ್ಯಾಣ ನಿಧಿ’ಗೆ ಹೋಗುತ್ತದೆ. ಅಲ್ಲಿ ಇಪ್ಪತ್ತೈದು ವರ್ಷದೊಳಗೆ ಹಕ್ಕು ಕೇಳದಿದ್ದರೆ ಅದು ಕೇಂದ್ರ ಸರ್ಕಾರದ ಪಾಲು. ವಿಮಾ ಕಂಪನಿಗಳು ಮೊದಲ ಕಂತು ಕಳಿಸಬೇಕಿದ್ದದ್ದು 2018ರ ಮಾರ್ಚ್‌ನಲ್ಲಿ. ಹಾಗಾಗಿ 2043ರಿಂದ ಈ ಬಾಗಿಲು ನಿಜವಾಗಿಯೂ ಮುಚ್ಚತೊಡಗುತ್ತದೆ. ಷೇರುಗಳದ್ದು ಇನ್ನೊಂದು ದಾರಿ. ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಲಾಭಾಂಶವೂ ಕಂಪನಿಯ ಷೇರೂ ಹೂಡಿಕೆದಾರರ ರಕ್ಷಣಾ ನಿಧಿಗೆ ಸೇರುತ್ತವೆ. ಊರಿನ ಬ್ಯಾಂಕು ಎಂಬ ಅಭಿಮಾನದಿಂದ ಷೇರು ಕೊಂಡ ಮನೆಗಳು ನಮ್ಮ ಕರಾವಳಿಯಲ್ಲಿ ಇವೆ. ವಿಲೀನದ ಹೊತ್ತಿನಲ್ಲಿ ವಿಜಯಾ ಬ್ಯಾಂಕಿನ ಸಾವಿರ ಷೇರಿಗೆ ಬರೋಡಾದ 402, ಸಿಂಡಿಕೇಟಿನ ಸಾವಿರಕ್ಕೆ ಕೆನರಾದ 158, ಕಾರ್ಪೊರೇಷನ್ನಿನ ಸಾವಿರಕ್ಕೆ ಯೂನಿಯನ್ನಿನ 330 ಷೇರು ನಿಗದಿಯಾಗಿತ್ತು. ಹಳೆಯ ಷೇರು ಪತ್ರ ರದ್ದಿ ಎಂದು ಎಸೆಯುವ ಮೊದಲು ಇದನ್ನು ನೆನಪಿಡಬೇಕು.

ಸರ್ಕಾರ ಸುಮ್ಮನೆ ಕೂತಿಲ್ಲ. 2023ರ ಆಗಸ್ಟ್ 17ರಂದು ರಿಸರ್ವ್ ಬ್ಯಾಂಕ್ ‘ಉದ್ಗಮ್’ ಜಾಲತಾಣ ತೆರೆಯಿತು. 2024ರ ಮಾರ್ಚ್ ಹೊತ್ತಿಗೆ 30 ಬ್ಯಾಂಕುಗಳು, ನಿಧಿಯ ಸುಮಾರು ಶೇ 90 ಹಣ ಅದರೊಳಗೆ ಬಂದವು. 2025ರ ಅಕ್ಟೋಬರ್‌ನಿಂದ ಜಿಲ್ಲೆ ಜಿಲ್ಲೆಗಳಲ್ಲಿ ಶಿಬಿರಗಳಾದವು. ಡಿಸೆಂಬರ್ ಹೊತ್ತಿಗೆ ವಿಮೆ, ಷೇರು ಎಲ್ಲ ಸೇರಿ ಹಿಂದಿರುಗಿದ್ದು ಸುಮಾರು 2,000 ಕೋಟಿ ಎಂದು ಕೇಂದ್ರ ಹೇಳಿತು. ಒಳ್ಳೆಯ ಕೆಲಸವೇ. ಆದರೆ ಬ್ಯಾಂಕಿನ ಹಣವೊಂದೇ 78,000 ಕೋಟಿ ದಾಟಿರುವಾಗ ಇದು ಬಹಳ ಚಿಕ್ಕ ಪಾಲು.

ಜಾಲತಾಣದಲ್ಲಿ ಹುಡುಕಿ ಸಿಗದಿದ್ದರೆ ಹಣ ಇಲ್ಲವೆಂದು ತೀರ್ಮಾನಿಸುವುದು ದೊಡ್ಡ ತಪ್ಪು. ಅದು ಹೆಸರು ಮತ್ತು ಬ್ಯಾಂಕಿನ ಜೊತೆಗೆ ಪ್ಯಾನ್, ಮತದಾರರ ಚೀಟಿ, ಪಾಸ್‌ಪೋರ್ಟ್, ಚಾಲನಾ ಪರವಾನಗಿ ಅಥವಾ ಹುಟ್ಟಿದ ದಿನಾಂಕ ಕೇಳುತ್ತದೆ. ಎಪ್ಪತ್ತು–ಎಂಬತ್ತರ ದಶಕದಲ್ಲಿ ಖಾತೆ ತೆರೆದ ಮಾಣಿಯ ಕಡತದಲ್ಲಿ ಇವು ಇರುವ ಸಾಧ್ಯತೆ ಕಡಿಮೆ. ಹತ್ತು ವರ್ಷ ತುಂಬದ ಖಾತೆ ಅಲ್ಲಿ ಕಾಣುವುದೂ ಇಲ್ಲ. ಪ್ರಾಥಮಿಕ ಕೃಷಿ ಸಹಕಾರಿ ಸಂಘದ ಠೇವಣಿಯಂತೂ ಈ ವ್ಯವಸ್ಥೆಯ ಹೊರಗೇ ಇದೆ. ಆ ಹಣದ ಸುಳಿವು ಸಿಗುವುದು ಸಂಘದ ಪುಸ್ತಕದಲ್ಲಿ ಮತ್ತು ಮನೆಯವರ ನೆನಪಿನಲ್ಲಿ ಮಾತ್ರ.

ಆದ್ದರಿಂದ ಮೊದಲ ಕೆಲಸ ಬದುಕಿರುವವರದ್ದು. ಮನೆಯ ಹಿರಿಯರ ಎದುರು ಕೂತು ಅವರು ದುಡಿದ ಊರು, ಸಂಬಳ ಪಡೆದ ಬ್ಯಾಂಕು, ಪಿಗ್ಮಿ ಕಟ್ಟಿದ ಕಡೆ, ಪಿ.ಎಫ್. ಹಿಡಿದ ಗೋಡಂಬಿ ಅಥವಾ ಹಂಚಿನ ಕಾರ್ಖಾನೆ, ಎಲ್ಲವನ್ನೂ ಬರೆದುಕೊಳ್ಳಿ. ಅವರು ಹೆಸರನ್ನು ಎಷ್ಟು ಬಗೆಯಲ್ಲಿ ಬರೆದಿದ್ದರೆಂದೂ ಕೇಳಿ. ನಾಲ್ಕು ತಿಂಗಳ ಮಳೆ ಮತ್ತು ಒರಲೆ ಪಾಸ್‌ಬುಕ್ಕನ್ನು ತಿನ್ನುವ ಮೊದಲು ಮೊದಲ ಪುಟದ ಚಿತ್ರ ತೆಗೆದಿಡಿ. ನಾಮಿನಿ ಇಲ್ಲದ ಖಾತೆಗೆ ಈಗಲೇ ಹೆಸರು ಕೊಡಿಸಿ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹೆಸರಿಸಬಹುದು. ನಾಮಿನಿ ಹಣದ ಒಡೆಯನಲ್ಲ, ವಾರಸುದಾರರ ಪರವಾಗಿ ಪಡೆಯುವವನು ಎಂಬುದನ್ನು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಇದು ಗೊತ್ತಿದ್ದರೆ ಅಣ್ಣತಮ್ಮಂದಿರ ಜಗಳ ಹಲವು ಕಡೆ ತಪ್ಪೀತು.

ತೀರಿಕೊಂಡವರ ಹಣ ಹುಡುಕುವವರು ಉದ್ಗಮ್‌ನಲ್ಲಿ ಸಿಂಡಿಕೇಟಿಗೆ ಕೆನರಾ, ವಿಜಯಾಕ್ಕೆ ಬರೋಡಾ, ಕಾರ್ಪೊರೇಷನ್ನಿಗೆ ಯೂನಿಯನ್ ಆರಿಸಬೇಕು. ಹೆಸರಿನ ಪ್ರತಿಯೊಂದು ಬರಹವನ್ನೂ ಬೇರೆಯಾಗಿ ಹಾಕಿ ನೋಡಬೇಕು. ಸಿಕ್ಕರೆ ಬರುವ ಉಲ್ಲೇಖ ಸಂಖ್ಯೆ ಹಿಡಿದು ಬ್ಯಾಂಕಿಗೆ ಹೋಗಬೇಕು, ಹಣ ಕೊಡುವುದು ಬ್ಯಾಂಕೇ. ನಿಷ್ಕ್ರಿಯ ಖಾತೆಗೆ ಜೀವ ಕೊಡಲು ಶುಲ್ಕವಿಲ್ಲ, ಯಾವ ಶಾಖೆಯಲ್ಲಾದರೂ ಕೇಳಬಹುದು. ಸತ್ತವರ ಖಾತೆಗಳ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಬಂದ ನಿರ್ದೇಶನದಂತೆ, ದಾಖಲೆ ಪೂರ್ತಿಯಾದ ಮೇಲೆ ಹದಿನೈದು ದಿನದೊಳಗೆ ಇತ್ಯರ್ಥವಾಗಬೇಕು. ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ ಸರಳ ವಿಧಾನವಿದೆ. ಕಮಿಷನ್ ಕೇಳುವ ಮಧ್ಯವರ್ತಿಗೆ, ಒ.ಟಿ.ಪಿ. ಕೇಳುವ ಕರೆಗೆ ಒಂದು ಕಾಸೂ ಕೊಡಬೇಡಿ.

ಎರಡನೆಯ ಕೆಲಸ ಊರಿನದ್ದು. ಮರಣ ಪ್ರಮಾಣಪತ್ರ ಕೊಡುವ ಕಚೇರಿಯಲ್ಲೇ ಒಂದು ಪುಟದ ಸೂಚನೆ ಕೊಟ್ಟರೆ ಸಾಕು: ಇಂತಿಂಥ ಕಡೆ ಹಣವಿದೆಯೇ ನೋಡಿ, ಹೀಗೆ ಕೇಳಿ ಎಂದು. ಸೊಸೈಟಿಗಳು ವರ್ಷಕ್ಕೊಮ್ಮೆ, ಮಹಾಸಭೆಯ ದಿನ, ಬಹುಕಾಲ ನಿಂತ ಖಾತೆಗಳ ಹೆಸರನ್ನಷ್ಟೇ ಓದಿದರೆ ಸಭೆಯಲ್ಲಿ ಕೂತ ಯಾರಾದರೂ ಗುರುತು ಹಿಡಿಯುತ್ತಾರೆ. ಬೊಂಬಾಯಿ, ಬೆಂಗಳೂರಿನ ನಮ್ಮ ಸಂಘಗಳು ಹಳೆಯ ಹೋಟೆಲ್ ಕಾರ್ಮಿಕರ ಬ್ಯಾಂಕ್ ಶಾಖೆಗಳನ್ನು ನೆನಪಿಸಿಕೊಟ್ಟರೆ ಎಷ್ಟೋ ಮನೆಗಳ ಹುಡುಕಾಟ ಅರ್ಧ ಮುಗಿದಂತೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ ತೆರಿಗೆ ದಾಖಲೆ ಹೋಲಿಸಿ ವಾರಸುದಾರರಿಗೆ ತಾನೇ ಚೆಕ್ ಕಳಿಸುತ್ತದೆ. ನಮ್ಮಲ್ಲೂ ಮರಣ ನೋಂದಣಿಯನ್ನು ಬ್ಯಾಂಕ್ ದಾಖಲೆಯೊಂದಿಗೆ ಹೋಲಿಸಿ ಕುಟುಂಬಕ್ಕೆ ತಿಳಿಸುವ ದಿನ ಬರಬೇಕು, ಅದನ್ನು ನಾವು ಕೇಳಲೇಬೇಕು.

ಅಲ್ಲಿಯವರೆಗೆ ಕಾಯುವಷ್ಟು ಸಮಯ ನಮಗಿಲ್ಲ. 2020–21ರಲ್ಲಿ ತಂದೆಯನ್ನೋ ಗಂಡನನ್ನೋ ಕಳೆದುಕೊಂಡ ಮನೆಗಳಲ್ಲಿ ಅವರ ಗೆಳೆಯರ, ಮಾಲೀಕರ, ಕೋಣೆಯ ಜೊತೆಗಾರರ ಫೋನ್ ನಂಬರು ಇನ್ನೂ ಸಿಗಬಹುದು. ಐದಾರು ವರ್ಷ ಕಳೆದರೆ ಆ ಜನರೂ ಇರಲಿಕ್ಕಿಲ್ಲ. ಖಾತೆ ಇನ್ನೂ ಬ್ಯಾಂಕಿನ ಕೈಯಲ್ಲೇ ಇರುವಾಗ, ಕೇಳಿದರೆ ಉತ್ತರ ಹೇಳುವವರು ಬದುಕಿರುವಾಗ, ಆ ಕರೆ ಮಾಡಿ. ಬೆವರು ಹರಿಸಿ ಉಳಿಸಿದವರಿಗೆ ನಾವು ಸಲ್ಲಿಸಬೇಕಾದ ಋಣ ಅದು.