ಕೈಲ್‌ಪೊಳ್ದ್: ಕೊಡವರ ಕೋವಿಗೆ ಲೈಸೆನ್ಸ್ ಯಾಕೆ ಬೇಡ?

ಕೊಡಗಿನಲ್ಲಿ ಗದ್ದೆ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್‌ಪೊಳ್ದ್ ಬರುತ್ತದೆ. ಕೈಲ್ ಎಂದರೆ ಆಯುಧ, ಪೊಳ್ದ್ ಎಂದರೆ ಹಬ್ಬ. ಅಂದು ಕೋವಿ, ಒಡಿಕತ್ತಿಗಳನ್ನು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುವ ಪಂದ್ಯ. ನೋಡಲು ಮಜಾ ಇರುವುದೇ ಇಲ್ಲಿ.

ಹಳೆಯ ಕೇಪಿನ ಕೋವಿಗೆ ತೋಟಾ ಇಲ್ಲ. ನಳಿಗೆಯ ಬಾಯಿಂದಲೇ ಮದ್ದು, ಚರೆ ತುಂಬಿ ಸರಳಿನಿಂದ ಜಡಿಯಬೇಕು. ಕುದುರೆ ಎಳೆದಾಗ ಕೇಪು ಸಿಡಿದು ಕಿಡಿ ಮದ್ದಿಗೆ ತಗಲುತ್ತದೆ. ಒಂದು ಈಡು ಹಾರಿತೋ, ಮತ್ತೆ ಮೊದಲಿಂದ ಶುರು.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಷರತ್ತುಗಳೊಂದಿಗೆ ಇದನ್ನು 2029ರವರೆಗೆ ಮುಂದುವರಿಸಿತು. ಇದು ತಾರತಮ್ಯ ಎಂದು ಸಲ್ಲಿಕೆಯಾದ ಅರ್ಜಿಯನ್ನು ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಆದರೆ ಇದು ಶಾಶ್ವತ ಹಕ್ಕಲ್ಲ. 2029ರ ನಂತರದ ತೀರ್ಮಾನ ಕೇಂದ್ರದ್ದೇ.